ಹಿತ್ತಲಿನ ಅಣಬೆಯನ್ನು ಒದೆಯುವ ಮುನ್ನ

ರಾತ್ರೋರಾತ್ರಿ ತಲೆಯೆತ್ತಿದ ಅಂಗಡಿಗಳನ್ನೋ ಸಂಘಗಳನ್ನೋ ಕಂಡಾಗ ‘ನಾಯಿಕೊಡೆಗಳಂತೆ ಎದ್ದಿವೆ’ ಎನ್ನುವುದು ನಮ್ಮಲ್ಲಿ ರೂಢಿ. ಈ ಮಾತಿನಲ್ಲಿ ಎರಡು ಅಭಿಪ್ರಾಯಗಳು ಅಡಗಿವೆ. ಅಣಬೆ ಒಂದೇ ರಾತ್ರಿಯಲ್ಲಿ ಹುಟ್ಟುತ್ತದೆ ಎಂಬುದು ಒಂದು. ಅದು ಯಾವ ಲೆಕ್ಕಕ್ಕೂ ಬಾರದ ವಸ್ತು ಎಂಬುದು ಇನ್ನೊಂದು. ಎರಡೂ ತಪ್ಪು.

ಮುಂಗಾರಿನಲ್ಲಿ ನಾಲ್ಕು ಹದ ಮಳೆ ಬಿದ್ದ ಮೇಲೆ ನಮ್ಮ ಮನೆಯ ಹಿತ್ತಲನ್ನು ಒಮ್ಮೆ ಸುತ್ತಿ ಬಂದರೆ ಹತ್ತಾರು ಬಗೆಯ ಅಣಬೆಗಳು ಕಣ್ಣಿಗೆ ಬೀಳುತ್ತವೆ. ತಿಪ್ಪೆಯ ಮೇಲೆ, ಹೂಕುಂಡದಲ್ಲಿ, ಬೇಲಿಗೂಟದ ಮೇಲೆ, ಹುತ್ತದ ಪಕ್ಕದಲ್ಲಿ, ಮರದ ಬುಡದಲ್ಲಿ ಒಂದೊಂದು ಕಡೆ ಒಂದೊಂದು ಜಾತಿ. ರೈತ ಬಾಂಧವರು ಇವನ್ನು ಪ್ರತಿ ವರ್ಷ ನೋಡುತ್ತಾರೆ. ಆದರೆ ನಿಂತು ಗಮನಿಸುವವರು ಕಡಿಮೆ. ಮಕ್ಕಳು ಕಾಲಿನಿಂದ ಒದ್ದು ಉರುಳಿಸುತ್ತಾರೆ, ದೊಡ್ಡವರು ಪೊರಕೆಯಿಂದ ಗುಡಿಸಿ ಎಸೆಯುತ್ತಾರೆ. ಬೇಸಾಯಶಾಸ್ತ್ರವನ್ನು ಓದಿ, ಅದನ್ನೇ ವೃತ್ತಿಯಾಗಿ ಮಾಡಿಕೊಂಡ ನಾನೂ ಬಹುಕಾಲ ಗಮನಿಸಲಿಲ್ಲ. ಅದರಿಂದ ನಮ್ಮ ಮನೆಗೆ ಆದ ನಷ್ಟವನ್ನು ಮುಂದೆ ಹೇಳಿದ್ದೇನೆ. ಹಿತ್ತಲಿನ ಅಣಬೆ ಆ ಜಾಗದ ಮಣ್ಣು, ಗೊಬ್ಬರ ಮತ್ತು ಮರಗಳ ಸ್ಥಿತಿಯನ್ನು ತಿಳಿಸುವ ಒಂದು ಗುರುತು. ಅದನ್ನು ಓದಲು ಕಲಿಯುವುದು ಕಷ್ಟವಲ್ಲ, ಖರ್ಚಿನದೂ ಅಲ್ಲ.

ಅಣಬೆ ಎಂದರೇನು?

ನಮ್ಮ ಕಣ್ಣಿಗೆ ಕಾಣುವ ಅಣಬೆ ಒಂದು ಇಡೀ ಜೀವಿಯಲ್ಲ, ಅದು ಹಣ್ಣಿನಂತೆ. ಮಾವಿನ ಮರಕ್ಕೆ ಮಾವಿನ ಹಣ್ಣು ಹೇಗೋ ಶಿಲೀಂಧ್ರಕ್ಕೆ ಅಣಬೆ ಹಾಗೆ. ‘ಮರ’ ಇರುವುದು ಮಣ್ಣಿನೊಳಗೆ, ಕೊಳೆಯುವ ಕಟ್ಟಿಗೆಯೊಳಗೆ, ಗೊಬ್ಬರದೊಳಗೆ. ಹತ್ತಿಯ ಎಳೆಗಿಂತ ಸಣ್ಣನೆಯ ಬಿಳಿಯ ಎಳೆಗಳು ಬಲೆಯಂತೆ ಹರಡಿಕೊಂಡು ತಿಂಗಳುಗಟ್ಟಲೆ, ಕೆಲವು ಜಾತಿಗಳಲ್ಲಿ ವರ್ಷಗಟ್ಟಲೆ, ಕೆಲಸ ಮಾಡುತ್ತಿರುತ್ತವೆ. ಹಳೆಯ ತರಗಿನ ರಾಶಿಯನ್ನು ಕೈಯಿಂದ ಸರಿಸಿದರೆ ಈ ಎಳೆಗಳನ್ನು ಯಾರು ಬೇಕಾದರೂ ನೋಡಬಹುದು. ತೇವ ಮತ್ತು ಹವೆ ಅನುಕೂಲವಾದಾಗ ಈ ಎಳೆಗಳು ಸೇರಿ ಸಣ್ಣ ಮೊಗ್ಗುಗಳಾಗುತ್ತವೆ. ಒಳ್ಳೆಯ ಮಳೆ ಬಿದ್ದಾಗ ಆ ಮೊಗ್ಗುಗಳು ನೀರನ್ನು ಹೀರಿ ಒಂದೆರಡು ದಿನಗಳಲ್ಲಿ ಕೊಡೆಯಾಗಿ ಬಿಚ್ಚಿಕೊಳ್ಳುತ್ತವೆ. ಆದ್ದರಿಂದ ರಾತ್ರೋರಾತ್ರಿ ಎದ್ದಂತೆ ತೋರುವ ಅಣಬೆಯ ಹಿಂದೆ ಬಹಳ ದಿನಗಳ ಸಿದ್ಧತೆ ಇರುತ್ತದೆ.

ಅಣಬೆಯಲ್ಲಿ ಪತ್ರಹರಿತ್ತು ಇಲ್ಲ. ಹಸಿರು ಗಿಡಗಳಂತೆ ಬಿಸಿಲಿನಿಂದ ಅದು ಆಹಾರ ತಯಾರಿಸಿಕೊಳ್ಳಲಾರದು. ಬೇರೆ ಜೀವಿಗಳು ಮಾಡಿಟ್ಟ ಆಹಾರವೇ ಅದಕ್ಕೆ ಗತಿ. ಸತ್ತ ಕಟ್ಟಿಗೆ, ಎಲೆ, ಸಗಣಿಗಳನ್ನು ಕೊಳೆಸಿ ಬದುಕುವವು ಕೆಲವು. ಬದುಕಿರುವ ಮರದ ಬೇರಿನೊಡನೆ ಕೊಡುಕೊಳ್ಳುವ ಸಂಬಂಧ ಬೆಳೆಸಿ, ಮರಕ್ಕೆ ನೀರು ಮತ್ತು ರಂಜಕವನ್ನು ಒದಗಿಸಿ, ಪ್ರತಿಯಾಗಿ ಸಕ್ಕರೆಯನ್ನು ಪಡೆಯುವವು ಕೆಲವು. ಬದುಕಿರುವ ಮರವನ್ನೇ ತಿಂದು ಕೊಲ್ಲುವವು ಇನ್ನು ಕೆಲವು. ಅಣಬೆ ಕಂಡಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ‘ಇದನ್ನು ತಿನ್ನಬಹುದೇ?’ ಎಂಬುದಲ್ಲ, ‘ಇದು ಏನನ್ನು ತಿನ್ನುತ್ತಿದೆ?’ ಎಂಬುದು.

ತಿಪ್ಪೆಯ ಅಣಬೆ

ತಿಪ್ಪೆಯ ಮೇಲೆ ಬೆಳಗಿನ ಹೊತ್ತು ಬೂದು ಬಣ್ಣದ, ತೆಳುವಾದ, ಗಂಟೆಯಾಕಾರದ ಅಣಬೆಗಳು ಗುಂಪಾಗಿ ಎದ್ದಿರುತ್ತವೆ. ಮಧ್ಯಾಹ್ನದ ಹೊತ್ತಿಗೆ ಅವು ಅಂಚಿನಿಂದ ಕರಗುತ್ತಾ ಕಪ್ಪು ನೀರಾಗಿ ಇಳಿದುಹೋಗುತ್ತವೆ. ಇವು ಕೊಪ್ರೈನಸ್ ಗುಂಪಿನವು. ಮಸಿ ಅಣಬೆ ಎಂದು ಕರೆಯಬಹುದು. ತನ್ನ ಕೊಡೆಯನ್ನು ತಾನೇ ಕರಗಿಸಿಕೊಂಡು ಬೀಜಾಣುಗಳನ್ನು ಉದುರಿಸುವುದು ಇವುಗಳ ಕ್ರಮ.

ಇವು ಕಂಡರೆ ರೈತರು ತಿಳಿಯಬೇಕಾದುದು ಇಷ್ಟು: ಗೊಬ್ಬರದಲ್ಲಿ ಸಾರಜನಕ ಇನ್ನೂ ಹಸಿಯಾಗಿದೆ, ಹುಲ್ಲು ಮತ್ತು ಕಡ್ಡಿ ಇನ್ನೂ ಕೊಳೆಯುತ್ತಿವೆ, ತಿಪ್ಪೆ ಪೂರ್ತಿ ಮಾಗಿಲ್ಲ. ಅಂತಹ ಗೊಬ್ಬರವನ್ನು ಎಳೆಯ ಸಸಿಗಳ ಬುಡಕ್ಕೆ ಹಾಕಬಾರದು. ತಿರುವಿ ಹಾಕಿ, ಹದವಾದ ತೇವವಿಟ್ಟು, ಇನ್ನೂ ಕೆಲವು ವಾರ ಬಿಡಬೇಕು. ಅಣಬೆ ಎದ್ದಿತೆಂದು ಗೊಬ್ಬರ ಕೆಟ್ಟಿತೆಂದಲ್ಲ. ಕೆಲಸ ನಡೆಯುತ್ತಿದೆ ಎಂದು ಅರ್ಥ.

ಅದೇ ತಿಪ್ಪೆಯ ಅಂಚಿನಲ್ಲಿ, ಅಥವಾ ಕೊಳೆತ ತೆಂಗಿನ ಮಟ್ಟೆಯ ಮೇಲೆ, ಬೆರಳ ತುದಿಗಿಂತ ಚಿಕ್ಕದಾದ ಬಟ್ಟಲುಗಳನ್ನು ಹುಡುಕಿ ನೋಡಿ. ಒಳಗೆ ಸಾಸಿವೆ ಗಾತ್ರದ ಚಪ್ಪಟೆ ಕಾಳುಗಳು, ಗೂಡಿನಲ್ಲಿಟ್ಟ ಮೊಟ್ಟೆಗಳಂತೆ ಕುಳಿತಿರುತ್ತವೆ. ಇದು ಸೈಯಾಥಸ್ ಎಂಬ ಅಣಬೆ. ಮಳೆಯ ಹನಿಯೊಂದು ನೇರವಾಗಿ ಬಟ್ಟಲಿಗೆ ಬಿದ್ದರೆ, ಆ ರಭಸಕ್ಕೆ ‘ಮೊಟ್ಟೆ’ ಚಿಮ್ಮಿ ಮೂರು ಅಡಿ ದೂರದವರೆಗೂ ಹೋಗಿ ಎಲೆಗೋ ಕಡ್ಡಿಗೋ ಅಂಟಿಕೊಳ್ಳುತ್ತದೆ. ಬೀಜ ಬಿತ್ತಲು ಮಳೆಯ ಹನಿಯನ್ನೇ ಕೂಲಿಗೆ ಹಿಡಿದ ಈ ಪುಟ್ಟ ಅಣಬೆಯನ್ನು ಮನೆಯ ಮಕ್ಕಳಿಗೆ ತೋರಿಸಿದರೆ ಮತ್ತೆ ಅವರು ಅಣಬೆಯನ್ನು ಒದೆಯಲಾರರು.

ಹೂಕುಂಡದ ಹಳದಿ ಕೊಡೆ

ಹೂಕುಂಡಗಳಲ್ಲಿ ಅಚ್ಚ ನಿಂಬೆ ಹಳದಿ ಬಣ್ಣದ ಸಣ್ಣ ಅಣಬೆಗಳು ಏಳುವುದುಂಟು. ‘ಗಿಡಕ್ಕೆ ರೋಗ ಬಂತು’ ಎಂದು ಗಾಬರಿಯಾಗಿ ಕುಂಡದ ಮಣ್ಣಿಗೆ ಶಿಲೀಂಧ್ರನಾಶಕ ಸುರಿದವರನ್ನು ನಾನು ಕಂಡಿದ್ದೇನೆ. ಇದು ಲ್ಯೂಕೋಕೊಪ್ರೈನಸ್ ಎಂಬ ಜಾತಿ. ಮಣ್ಣಿನಲ್ಲಿರುವ ಸತ್ತ ಎಲೆ ಮತ್ತು ಗೊಬ್ಬರವನ್ನು ಮಾತ್ರ ತಿನ್ನುತ್ತದೆ. ಗಿಡಕ್ಕೆ ಯಾವ ಹಾನಿಯನ್ನೂ ಮಾಡದು. ಔಷಧಿ ಹೊಡೆಯುವುದು ದಂಡ. ಆದರೆ ತಿಂದರೆ ಹೊಟ್ಟೆ ಕೆಡಿಸುವ ಅಣಬೆಯಿದು. ಬಣ್ಣಕ್ಕೆ ಮರುಳಾಗುವ ಚಿಕ್ಕ ಮಕ್ಕಳಿರುವ ಮನೆಯಲ್ಲಿ ಇದನ್ನು ಕಿತ್ತು ಹೂಳುವುದು ಒಳಿತು.

ಸತ್ತ ಕಟ್ಟಿಗೆ ಮತ್ತು ಬೇಲಿಗೂಟ

ಒಣಗಿದ ಕೊಂಬೆಗಳ ಮೇಲೆ ಉಗುರಿನಷ್ಟು ಅಗಲದ, ಬೂದುಬಿಳುಪಿನ, ಬೀಸಣಿಗೆಯಾಕಾರದ ಅಣಬೆಗಳು ಸಾಲಾಗಿರುತ್ತವೆ. ಬಿಸಿಲಿಗೆ ಮುದುಡಿ ಚರ್ಮದ ಚೂರಿನಂತಾಗುತ್ತವೆ. ಮಳೆ ಬಿದ್ದೊಡನೆ ಮತ್ತೆ ಅರಳುತ್ತವೆ. ಸ್ಕಿಜೋಫಿಲ್ಲಮ್ ಎಂಬ ಈ ಅಣಬೆಯನ್ನು ಮಣಿಪುರದ ಜನ ಅಡಿಗೆಗೆ ಬಳಸುತ್ತಾರೆ. ನಮ್ಮಲ್ಲಿ ಇದು ಉರುವಲಿನ ಜೊತೆ ಒಲೆ ಸೇರುತ್ತದೆ.

ಕಟ್ಟಿಗೆಯನ್ನು ಗಟ್ಟಿಯಾಗಿಡುವ ವಸ್ತು ಲಿಗ್ನಿನ್. ಇದನ್ನು ಪೂರ್ತಿಯಾಗಿ ಮುರಿಯುವ ಶಕ್ತಿ ಮುಖ್ಯವಾಗಿ ಇಂತಹ ಕೆಲವು ಶಿಲೀಂಧ್ರಗಳಿಗೇ ಇದೆ. ಕೊಳೆತ ಗೂಟವನ್ನು ಮುರಿದು ನೋಡಿ. ಒಳಗೆ ಬೆಳ್ಳಗೆ ನಾರುನಾರಾಗಿದ್ದರೆ ಶಿಲೀಂಧ್ರ ಲಿಗ್ನಿನ್ನನ್ನು ತಿಂದಿದೆ. ಕಂದು ಬಣ್ಣಕ್ಕೆ ತಿರುಗಿ ಚೌಕಚೌಕವಾಗಿ ಬಿರಿದಿದ್ದರೆ ಲಿಗ್ನಿನ್ ಬಿಟ್ಟು ಉಳಿದದ್ದನ್ನು ತಿಂದಿದೆ. ಯಾವುದೇ ಆಗಲಿ, ಗೂಟದ ಮೇಲೆ ಅಣಬೆ ಕಂಡಿತೆಂದರೆ ಒಳಗಿನ ಬಲ ಹೋಗಿದೆ. ದನ ಒರಗಿ ಬೇಲಿ ಬೀಳುವ ಮೊದಲೇ ಗೂಟವನ್ನು ಬದಲಿಸಬೇಕು.

ಕಟ್ಟಿಗೆ ತಿನ್ನುವ ಈ ಗುಣವನ್ನೇ ವಿಜ್ಞಾನಿಗಳು ಉಪಯೋಗಕ್ಕೆ ತಂದಿದ್ದಾರೆ. ನಾರಿನ ಕಾರ್ಖಾನೆಗಳ ಬಳಿ ಬೆಟ್ಟದಂತೆ ಬೀಳುವ ತೆಂಗಿನ ನಾರಿನ ಪುಡಿ ಸುಲಭವಾಗಿ ಕೊಳೆಯದು. ಅದಕ್ಕೆ ಚಿಪ್ಪಣಬೆಯ ಬೀಜ ಮತ್ತು ಸ್ವಲ್ಪ ಯೂರಿಯಾವನ್ನು ಪದರ ಪದರವಾಗಿ ಸೇರಿಸಿ ತೇವವಾಗಿಟ್ಟರೆ, ಸುಮಾರು ಒಂದು ತಿಂಗಳಲ್ಲಿ ಕಪ್ಪಗೆ ಮಾಗಿದ ಗೊಬ್ಬರವಾಗುತ್ತದೆ.

ಹುತ್ತದ ಅಣಬೆ

ಹಿತ್ತಲಿನ ಅಂಚಿನ ಹುತ್ತದ ಸುತ್ತ, ಮೊದಲ ಗುಡುಗು ಮಳೆಗಳ ನಂತರ ಏಳುವ ಬಿಳಿಯ ಅಣಬೆ ಎಲ್ಲಕ್ಕಿಂತ ಸ್ವಾರಸ್ಯವಾದುದು. ಇದರ ಕಾಂಡ ನೆಲದ ಮೇಲೆ ಗೇಣುದ್ದ ಇದ್ದರೆ ನೆಲದೊಳಗೆ ಬೇರಿನಂತೆ ಇನ್ನೂ ಉದ್ದಕ್ಕೆ ಇಳಿದಿರುತ್ತದೆ. ಕೊಡೆಯ ನಡುವಿನ ಮೊನೆಯಿಂದ ಗಟ್ಟಿ ಮಣ್ಣನ್ನು ಸೀಳಿಕೊಂಡು ಬಂದಿರುತ್ತದೆ. ನಿಧಾನವಾಗಿ ಅಗೆದು ನೋಡಿದರೆ ಆ ‘ಬೇರು’ ಗೆದ್ದಲಿನ ಗೂಡಿನಲ್ಲಿರುವ ಜೇನುರೊಟ್ಟಿನಂತಹ ಒಂದು ಉಂಡೆಗೆ ಹೋಗಿ ಮುಟ್ಟುತ್ತದೆ.

ಆ ಉಂಡೆ ಗೆದ್ದಲಿನ ಹೊಲ. ಗೆದ್ದಲು ತಂದ ಕಟ್ಟಿಗೆ ಮತ್ತು ಎಲೆಯ ಚೂರುಗಳನ್ನು ಅಗಿದು, ಹಿಕ್ಕೆ ಹಾಕಿ, ಉಂಡೆಯಾಗಿ ಕಟ್ಟಿ, ಅದರ ಮೇಲೆ ಶಿಲೀಂಧ್ರವನ್ನು ಬೆಳೆಸುತ್ತದೆ. ಕಟ್ಟಿಗೆಯನ್ನು ಶಿಲೀಂಧ್ರ ಮೆತ್ತಗೆ ಮಾಡಿಕೊಡುತ್ತದೆ. ಗೆದ್ದಲು ಅದನ್ನು ತಿನ್ನುತ್ತದೆ. ಈ ಅಣಬೆಗಳ ಕುಲಕ್ಕೆ 1942ರಲ್ಲಿ ಫ್ರಾನ್ಸಿನ ರೋಜೆ ಹೈಮ್ ಎಂಬ ವಿಜ್ಞಾನಿ ಟರ್ಮಿಟೋಮೈಸಿಸ್ ಎಂದು ಹೆಸರಿಟ್ಟರು. ಗೆದ್ದಲಿನ ಅಣಬೆ ಎಂದೇ ಅದರ ಅರ್ಥ. ಗೆದ್ದಲಿನ ಈ ಬೇಸಾಯ ಸುಮಾರು 3 ಕೋಟಿ ವರ್ಷಗಳಷ್ಟು ಹಳೆಯದೆಂದು ವಿಜ್ಞಾನಿಗಳ ಅಂದಾಜು. ಮನುಷ್ಯ ನೇಗಿಲು ಹಿಡಿದು ಹತ್ತು ಸಾವಿರ ವರ್ಷಗಳಾಗಿವೆ ಅಷ್ಟೆ.

ಗೂಡು ಬದುಕಿರುವವರೆಗೆ ಅದೇ ಜಾಗದಲ್ಲಿ ವರ್ಷ ವರ್ಷವೂ ಈ ಅಣಬೆ ಬರುತ್ತದೆ. ಗೆದ್ದಲು ಸತ್ತು ಗೂಡು ಪಾಳು ಬಿದ್ದರೆ ಅದೇ ಉಂಡೆಯ ಮೇಲೆ ಕ್ಸೈಲೇರಿಯಾ ಎಂಬ ಬೇರೊಂದು ಶಿಲೀಂಧ್ರ ಬೆಳೆದು, ಕಪ್ಪು ಕಡ್ಡಿಗಳಂತೆ ನೆಲದ ಮೇಲೆ ಏಳುತ್ತದೆ. ಒಳ್ಳೆಯ ರೈತ ಕಳೆಯನ್ನು ಅಂಕೆಯಲ್ಲಿಡುವಂತೆ ಗೆದ್ದಲು ಇದುವರೆಗೆ ಅದನ್ನು ಅಂಕೆಯಲ್ಲಿಟ್ಟಿತ್ತು; ರೈತ ಹೋದ ಮೇಲೆ ಹೊಲವೆಲ್ಲ ಕಳೆಯಾಯಿತು. ಬೆಳೆಗೆ ತೊಂದರೆ ಕೊಡದಷ್ಟು ದೂರದಲ್ಲಿರುವ ಹುತ್ತವನ್ನು ಅಗೆದು ಹಾಳುಮಾಡದಿರುವುದು ಇದರಿಂದಲೂ ಲೇಸು.

ಮರದ ಬುಡದಲ್ಲಿ ಕಂಡರೆ

ಈಗ ನಮ್ಮ ಮನೆಯ ಮಾತಿಗೆ ಬರುತ್ತೇನೆ. ತಿಪಟೂರು ಸೀಮೆಯ ನಮ್ಮ ಊರಿನ ಮನೆಯ ಹಿಂದೆ ತಂದೆಯವರು ನೆಟ್ಟ 12 ತೆಂಗಿನ ಮರಗಳಿದ್ದವು. ಬಚ್ಚಲ ನೀರು ಒಂದು ಪಾತಿಯಿಂದ ಇನ್ನೊಂದು ಪಾತಿಗೆ ಸಣ್ಣ ಕಾಲುವೆಯಲ್ಲಿ ಹರಿದುಹೋಗುತ್ತಿತ್ತು. ಹಿಂದೊಮ್ಮೆ ಒಣಗಿ ಹೋದ ಮರವೊಂದನ್ನು ಕಡಿಸಿದ್ದರು. ಬೊಡ್ಡೆ ಮಾತ್ರ ಹಾಗೆಯೇ ಉಳಿದಿತ್ತು. ಒಂದು ಮಳೆಗಾಲ ನಾನು ಊರಿಗೆ ಹೋಗಿದ್ದಾಗ ಅವ್ವ ಬೊಡ್ಡೆಯ ಪಕ್ಕದ ಮರವನ್ನು ತೋರಿಸಿ, ‘ಏನಪ್ಪಾ ಇದು, ಮರಕ್ಕೆ ಕಿವಿ ಬಂದಂಗೈತಲ್ಲ? ಮರ ಹುಷಾರಾಗೈತಾ ನೋಡು’ ಎಂದರು. ಬುಡಕ್ಕೆ ಅಂಟಿಕೊಂಡು ಅಂಗೈ ಅಗಲದ ಅಣಬೆಯೊಂದು ಬೆಳೆದಿತ್ತು. ಮೇಲೆ ವಾರ್ನಿಷ್ ಬಳಿದಂತೆ ಹೊಳೆಯುವ ಕೆಂಗಂದು ಬಣ್ಣ, ಅಂಚಿನಲ್ಲಿ ಬಿಳಿ ಪಟ್ಟಿ. ನೋಡಲು ಚೆನ್ನಾಗಿತ್ತು. ‘ನಾಯಿಕೊಡೆ ಕಣವ್ವ, ಮಳೆಗೆ ಬಂದೈತೆ, ಬಿಸಿಲು ಬಿದ್ರೆ ಹೋಗುತ್ತೆ’ ಎಂದು ಹೇಳಿ ಬಸ್ಸು ಹತ್ತಿದೆ.

ಬಿಸಿಲು ಬಿದ್ದರೂ ಅದು ಹೋಗಲಿಲ್ಲ. ಕಟ್ಟಿಗೆಯಂತೆ ಗಟ್ಟಿಯಾಗಿ ಅಲ್ಲೇ ಉಳಿಯಿತು. ಮರುವರ್ಷ ಆ ಮರದ ಕೆಳಗಿನ ಗರಿಗಳು ಹಳದಿಯಾಗಿ ಕಾಂಡಕ್ಕೆ ಜೋತುಬಿದ್ದವು. ಬುಡದ ಬಿರುಕಿನಿಂದ ಕೆಂಗಂದು ರಸ ಸೋರಿತು. ಹರಳು ಉದುರಿತು. ಅದರ ಮುಂದಿನ ಮಳೆಗಾಲದಲ್ಲಿ ಸುಳಿ ಮುರಿದು ಬಿತ್ತು. ಕಾಲುವೆಯ ಸಾಲಿನಲ್ಲಿದ್ದ ಇನ್ನೂ ಎರಡು ಮರಗಳು ಅದೇ ದಾರಿ ಹಿಡಿದವು. ಅಣಬೆ ರೋಗ ಎಂದೇ ನಮ್ಮ ರೈತರು ಹೆಸರಿಟ್ಟಿರುವ ಗ್ಯಾನೋಡರ್ಮ ಬೇರು ಕೊಳೆ ಇದು. ಪುಸ್ತಕದಲ್ಲಿ ನಾನು ಓದಿದ್ದೆ, ಹಿತ್ತಲಿನಲ್ಲಿ ಗುರುತಿಸಲಿಲ್ಲ. ಓದು ಬರಹ ಹೆಚ್ಚಿಲ್ಲದ ಅವ್ವನ ಕಣ್ಣಿಗೆ ಬಿದ್ದದ್ದನ್ನು ನಾನು ಕಡೆಗಣಿಸಿದ್ದರಿಂದ ಮೂರು ಫಲದ ಮರಗಳು ಹೋದವು.

ಈ ಶಿಲೀಂಧ್ರ ಹಳೆಯ ಬೊಡ್ಡೆಗಳಲ್ಲಿ ಉಳಿದು, ಬೇರಿಗೆ ಬೇರು ತಾಗುವುದರಿಂದ, ಮಣ್ಣು ಮತ್ತು ಹರಿಯುವ ನೀರಿನಿಂದ ಮರದಿಂದ ಮರಕ್ಕೆ ಹೋಗುತ್ತದೆ. ಅಣಬೆ ಹೊರಗೆ ಕಾಣುವ ಹೊತ್ತಿಗೆ ಸಾಮಾನ್ಯವಾಗಿ ಒಳಗೆ ಬೇರು ಬಹಳ ಮಟ್ಟಿಗೆ ಕೊಳೆತಿರುತ್ತದೆ. ಆ ಮರವನ್ನು ಉಳಿಸುವುದು ಕಷ್ಟ. ಪಕ್ಕದ ಮರಗಳನ್ನು ಉಳಿಸಬಹುದು. ಅದಕ್ಕೆ ಮಾಡಬೇಕಾದ ಕೆಲಸಗಳು:

1. ಸತ್ತ ಮರವನ್ನು ಬೊಡ್ಡೆ ಮತ್ತು ಬೇರು ಸಹಿತ ಅಗೆದು ಸುಡಬೇಕು. ಬೊಡ್ಡೆಯನ್ನು ಎಂದೂ ಉಳಿಸಬಾರದು.

2. ರೋಗದ ಮರದ ಸುತ್ತ 2 ಅಡಿ ಆಳ, 1 ಅಡಿ ಅಗಲದ ಕಂದಕ ತೆಗೆದು ಇತರ ಮರಗಳಿಂದ ಬೇರ್ಪಡಿಸಬೇಕು.

3. ಪಾತಿಯಿಂದ ಪಾತಿಗೆ ನೀರು ಹರಿಸುವುದನ್ನು ನಿಲ್ಲಿಸಬೇಕು. ಪ್ರತಿ ಮರಕ್ಕೂ ಬೇರೆಯಾಗಿ ನೀರು ಕೊಡಬೇಕು. ಹನಿ ನೀರಾವರಿ ಉತ್ತಮ. ಬೇಸಿಗೆಯಲ್ಲಿ ಮರ ಬಾಯಾರದಂತೆ ನೋಡಿಕೊಳ್ಳಬೇಕು.

4. ಉಳಿದ ಮರಗಳಿಗೆ ವರ್ಷಕ್ಕೊಮ್ಮೆ ಮರವೊಂದಕ್ಕೆ 5 ಕಿಲೋ ಬೇವಿನ ಹಿಂಡಿಯನ್ನು ಟ್ರೈಕೋಡರ್ಮ ಎಂಬ ಉಪಕಾರಿ ಶಿಲೀಂಧ್ರದೊಡನೆ ಬೆರೆಸಿ, ಕೊಟ್ಟಿಗೆ ಗೊಬ್ಬರದ ಜೊತೆ ಹಾಕಬೇಕು. ಸಾಲಿನ ನಡುವೆ ಬಾಳೆ ಬೆಳೆಯುವುದು ಒಳ್ಳೆಯದು.

5. ಬುಡದಲ್ಲಿ ಆಳವಾಗಿ ಅಗೆದು ಬೇರು ಕಡಿಯಬಾರದು.

ಬೇರಿನ ಮೂಲಕ ಔಷಧಿ ಕೊಡುವ ಕ್ರಮವೂ ಇದೆ. ಔಷಧಿಯ ಹೆಸರು ಮತ್ತು ಪ್ರಮಾಣವನ್ನು ಸಮೀಪದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ, ಮರದ ಸ್ಥಿತಿ ತೋರಿಸಿ ಮಾಡುವುದು ಕ್ಷೇಮ. ಅಡಿಕೆ ಮರಕ್ಕೂ ಈ ರೋಗ ಬರುವುದುಂಟು. ಹಿತ್ತಲಿನ ಎಲ್ಲ ಅಣಬೆಗಳಲ್ಲಿ ತಡಮಾಡದೆ ಕೆಲಸಕ್ಕೆ ಇಳಿಯಬೇಕಾದದ್ದು ಬದುಕಿರುವ ಮರದ ಬುಡದಲ್ಲಿ ಕಂಡ ಗಟ್ಟಿ ಅಣಬೆಗೆ ಮಾತ್ರ.

ತಿನ್ನುವ ಮಾತು

ಅಣಬೆಯ ರುಚಿ ಗೊತ್ತಿದ್ದವರಿಗೆ ಈ ಮಾತು ಹೇಳದೆ ಗತಿಯಿಲ್ಲ. ಹುತ್ತದ ಅಣಬೆಯನ್ನು ತಲೆತಲಾಂತರದಿಂದ ಗುರುತಿಸಿ ತಿನ್ನುವ ಮನೆಗಳಿವೆ. ಆ ಗುರುತು ಇಲ್ಲದವರು, ಅಂದಾಜಿನ ಮೇಲೆ, ಯಾವ ಕಾಡು ಅಣಬೆಯನ್ನೂ ತಿನ್ನಬಾರದು.

ಹಿತ್ತಲಿನ ಫಲವತ್ತಾದ ಹುಲ್ಲು ನೆಲದಲ್ಲಿ ಬರುವ ಕ್ಲೋರೋಫಿಲ್ಲಮ್ ಎಂಬ ದೊಡ್ಡ ಬಿಳಿ ಅಣಬೆ ನೋಡಲು ತಿನ್ನುವ ಅಣಬೆಯಂತೆಯೇ ಇರುತ್ತದೆ. ಕೊಡೆಯ ಮೇಲೆ ಕಂದು ಚಕ್ಕೆಗಳು, ಕಾಂಡದ ಮೇಲೆ ಉಂಗುರ. ಕೊಡೆಯ ಅಡಿಯ ಪದರಗಳು ಎಳೆಯದರಲ್ಲಿ ಬಿಳಿ, ಬಲಿತಂತೆ ಹಸಿರು ಮಿಶ್ರ ಬೂದು. ತಿಂದ ಒಂದರಿಂದ ಮೂರು ಗಂಟೆಯೊಳಗೆ ವಾಂತಿ, ಭೇದಿ ಶುರುವಾಗುತ್ತದೆ. ಇದಕ್ಕಿಂತ ಘೋರವಾದದ್ದು ಅಮಾನಿಟ ಕುಲದ ಕೆಲವು ಜಾತಿಗಳು. ತಿಂದ ಆರು ಗಂಟೆ, ಹನ್ನೆರಡು ಗಂಟೆ, ಕೆಲವೊಮ್ಮೆ ಒಂದು ದಿನದವರೆಗೂ ಏನೂ ಆಗದು. ಆಮೇಲೆ ವಾಂತಿ ಭೇದಿಯಾಗಿ, ನಡುವೆ ಗುಣವಾದಂತೆ ತೋರಿ, ಮೂರು ನಾಲ್ಕು ದಿನಗಳಲ್ಲಿ ಪಿತ್ತಜನಕಾಂಗ ಕೆಟ್ಟು ಪ್ರಾಣ ಹೋಗುತ್ತದೆ. 2022ರ ಏಪ್ರಿಲ್‌ನಲ್ಲಿ ಅಸ್ಸಾಮಿನ ಮೇಲ್ಭಾಗದ ಜಿಲ್ಲೆಗಳಲ್ಲಿ ಕಾಡು ಅಣಬೆ ತಿಂದು 13 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಚಹಾ ತೋಟಗಳ ಕುಟುಂಬದವರು.

ಬೆಳ್ಳಿಯ ಚಮಚ ಕಪ್ಪಾದರೆ ವಿಷ, ಬೆಳ್ಳುಳ್ಳಿಯ ಬಣ್ಣ ಬದಲಾದರೆ ವಿಷ, ಹುಳ ತಿಂದಿದ್ದರೆ ನಾವೂ ತಿನ್ನಬಹುದು, ಚೆನ್ನಾಗಿ ಬೇಯಿಸಿದರೆ ವಿಷ ಹೋಗುತ್ತದೆ — ಈ ಪರೀಕ್ಷೆಗಳಲ್ಲಿ ಒಂದೂ ನಿಜವಲ್ಲ. ಅಮಾನಿಟದ ವಿಷ ಬೇಯಿಸಿದರೂ ಹೋಗದು. ಅಕಸ್ಮಾತ್ ತಿಂದವರಿಗೆ ಮೈ ಸರಿಯಿಲ್ಲದಾದರೆ, ಉಳಿದ ಅಣಬೆಯ ಚೂರನ್ನು ಕಾಗದದಲ್ಲಿ ಕಟ್ಟಿಕೊಂಡು ತಕ್ಷಣ ಆಸ್ಪತ್ರೆಗೆ ಹೋಗಬೇಕು. ‘ಗುಣವಾಯಿತು’ ಎಂದು ಕಾಯಬಾರದು. ಕೈಯಿಂದ ಮುಟ್ಟಿ ನೋಡುವುದರಿಂದ ವಿಷ ಏರದು. ನೋಡಿದ ಮೇಲೆ ಕೈ ತೊಳೆದರೆ ಸಾಕು.

ಕಾಡಿನಿಂದ ಕೊಟ್ಟಿಗೆಗೆ

ಅಣಬೆ ತಿನ್ನುವ ಆಸೆಯಿದ್ದರೆ ಬೆಳೆದು ತಿನ್ನುವುದೇ ದಾರಿ. ಈ ದಾರಿ ತೆರೆದದ್ದೂ ಕಾಡು ಅಣಬೆಯನ್ನು ನಿಂತು ಗಮನಿಸಿದವರಿಂದ. ಪಶ್ಚಿಮ ಬಂಗಾಳದಲ್ಲಿ ಕಾಡು ಅಣಬೆಯಾಗಿದ್ದ ಅಚ್ಚ ಬಿಳಿಯ ಜಾತಿಯೊಂದನ್ನು ಪುರಕಾಯಸ್ಥ ಮತ್ತು ಚಂದ್ರ ಎಂಬ ವಿಜ್ಞಾನಿಗಳು 1974ರಲ್ಲಿ ಗುರುತಿಸಿ ಕ್ಯಾಲೋಸೈಬಿ ಇಂಡಿಕ ಎಂದು ಹೆಸರಿಟ್ಟರು. 1990ರ ದಶಕದ ಕೊನೆಯ ಹೊತ್ತಿಗೆ ತಮಿಳುನಾಡು ಕೃಷಿ ವಿಶ್ವವಿದ್ಯಾನಿಲಯದ ಪ್ರಯತ್ನದಿಂದ ಅದು ರೈತರ ಷೆಡ್ಡುಗಳಲ್ಲಿ ಬೆಳೆಯುವ ಬೆಳೆಯಾಯಿತು. ಇದೇ ಇಂದಿನ ಹಾಲಣಬೆ. 30ರಿಂದ 35 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಬರುವುದರಿಂದ ನಮ್ಮ ಬಯಲು ಸೀಮೆಗೆ ಒಪ್ಪುತ್ತದೆ. ಹಾಲಣಬೆ ಮತ್ತು ಚಿಪ್ಪಣಬೆಯ ಬೇಸಾಯ ಕಲಿಯಲು ಕೃಷಿ ವಿಶ್ವವಿದ್ಯಾನಿಲಯಗಳನ್ನು ಹಾಗೂ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯನ್ನು ವಿಚಾರಿಸಬಹುದು.

ಗಮನಿಸುವ ಕ್ರಮ

ಮಳೆಗಾಲದಲ್ಲಿ ವಾರಕ್ಕೊಮ್ಮೆ, ಬೆಳಗಿನ ಹೊತ್ತು, ಹಿತ್ತಲನ್ನು ಸುತ್ತಿ ಬನ್ನಿ. ಮಕ್ಕಳನ್ನೂ ಕರೆದುಕೊಳ್ಳಿ. ಒಂದು ನೋಟ್ ಪುಸ್ತಕದಲ್ಲಿ ನಾಲ್ಕು ಸಂಗತಿಗಳನ್ನು ಬರೆದಿಡಿ: ಯಾವ ದಿನ, ಯಾವ ಮಳೆಯ ನಂತರ ಎದ್ದಿತು, ಯಾವುದರ ಮೇಲೆ ಎದ್ದಿತು, ಒಂಟಿಯೋ ಗುಂಪೋ, ಎಷ್ಟು ದಿನ ಉಳಿಯಿತು.

ಇನ್ನೂ ಆಸಕ್ತಿಯಿದ್ದರೆ ಬೀಜಾಣುಗಳ ಬಣ್ಣ ನೋಡಬಹುದು. ಬಿಚ್ಚಿದ ಅಣಬೆಯ ಕೊಡೆಯನ್ನು ಕಾಂಡದಿಂದ ಕತ್ತರಿಸಿ, ಅರ್ಧ ಬಿಳಿ ಅರ್ಧ ಕಪ್ಪು ಕಾಗದದ ಮೇಲೆ ಮಗುಚದೆ ಇಟ್ಟು, ಹಳೆಯ ಬಟ್ಟಲೊಂದನ್ನು ಮೇಲೆ ಕವುಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಎತ್ತಿ ನೋಡಿದರೆ ಪದರಗಳ ಚಿತ್ರವೇ ಪುಡಿಯಲ್ಲಿ ಮೂಡಿರುತ್ತದೆ. ಒಂದರದು ಬಿಳಿ, ಒಂದರದು ಕಪ್ಪು, ಕ್ಲೋರೋಫಿಲ್ಲಮ್‌ನದು ಹಸಿರು. ಇದು ಗುರುತಿಗೆ ನೆರವೇ ಹೊರತು, ತಿನ್ನಲು ಅಪ್ಪಣೆಯಲ್ಲ.

ಎರಡು ಮೂರು ಮಳೆಗಾಲ ಹೀಗೆ ಮಾಡಿದರೆ ನಿಮ್ಮ ಹಿತ್ತಲಿನ ಯಾವ ಮೂಲೆಯಲ್ಲಿ ಗೊಬ್ಬರ ಮಾಗುತ್ತಿದೆ, ಎಲ್ಲಿ ಹಳೆಯ ಬೇರು ಕೊಳೆಯುತ್ತಿದೆ, ಯಾವ ಮರದ ಮೇಲೆ ಕಣ್ಣಿಡಬೇಕು ಎಂಬುದು ತಾನಾಗಿ ತಿಳಿಯುತ್ತದೆ.

ನಮ್ಮ ಹಿತ್ತಲಿನಲ್ಲಿ ಬೊಡ್ಡೆಗಳನ್ನು ಕೀಳಿಸಿ, ಕಂದಕ ತೆಗೆಸಿ, ಕಾಲುವೆ ಮುಚ್ಚಿಸಿದೆವು. ಉಳಿದ 9 ಮರಗಳು ಇಂದಿಗೂ ಫಲ ಕೊಡುತ್ತಿವೆ. ಮಳೆಗಾಲದಲ್ಲಿ ಊರಿಗೆ ಹೋದಾಗ ಅವ್ವ ಮೊದಲು ಕಾಫಿ ಕೊಡುವುದಿಲ್ಲ. ಹಿತ್ತಲಿಗೆ ಕರೆದುಕೊಂಡು ಹೋಗಿ ಈ ಸಾರಿ ಎಲ್ಲೆಲ್ಲಿ ಏನೇನು ಎದ್ದಿದೆ ಎಂದು ತೋರಿಸುತ್ತಾರೆ. ಈಗ ನಾನು ಕುಕ್ಕರಗಾಲಿನಲ್ಲಿ ಕುಳಿತು ನೋಡುತ್ತೇನೆ.